ಆಚೆ ದಡದ ಐದು ಟೈರು

ಮೇ 28

ಪ್ರೀತಿಯ ಗಾಲಿಗೆ,

ನಾವಿಬ್ಬರೂ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆಯಬೇಕೆಂದು ನಿನ್ನ ಅಕ್ಕನ ಅಪ್ಪಣೆಯಾಗಿದೆ. ಬರೆದಿದ್ದೇನೆ.

ಇದು ಕೆಲಸದ ಕಾಗದ. ನಮ್ಮ ಪಿಕಪ್ ನಿನಗೆ ಗೊತ್ತೇ ಇದೆ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದೆ, ಒಂದು ಬೋಲ್ಟನ್ನೂ ಬದಲಾಯಿಸಿಲ್ಲ. ಅದಕ್ಕೆ ಈಗಿರುವುದಕ್ಕಿಂತ ದೊಡ್ಡ ಟೈರು ಹಾಕಿಸಬೇಕೆಂದಿದ್ದೇನೆ. ಎಷ್ಟು ದೊಡ್ಡದು ಹಿಡಿಸುತ್ತದೆ, ಏನಾದರೂ ಕತ್ತರಿಸಬೇಕಾಗುತ್ತದೆಯೇ, ಎಲ್ಲ ಬಿಡಿಸಿ ಬರೆ. ಟೈರಿನ ಅಂಗಡಿ ಇಟ್ಟ ಭಾಮೈದ ಇರುವಾಗ ಇನ್ನಾರನ್ನು ಕೇಳಲಿ?

ಗಣಿಯಿಂದ ಪೇಟೆಗೆ ಹೋಗುವ ದಾರಿಯಲ್ಲಿ ಹೋದ ವರ್ಷ ಕುಸಿದ ಸೇತುವೆಯನ್ನು ಇನ್ನೂ ಕಟ್ಟಿಲ್ಲ. ಹಳ್ಳದೊಳಗೆ ಇಳಿದೇ ದಾಟಬೇಕು. ಈಗ ಪಾದ ಮುಳುಗುವಷ್ಟು ನೀರಿದೆ. ಮಳೆ ಹಿಡಿದರೆ ಗುಂಡುಗಲ್ಲುಗಳು ಉರುಳಿ ಬಂದು ಕೂರುತ್ತವೆ, ಗಾಡಿಯ ಹೊಟ್ಟೆ ತಾಗುತ್ತದೆ. ಜೂನಿನಿಂದ ಮೂರು ತಿಂಗಳು ಗಣಿ ನಿಲ್ಲುತ್ತದೆ, ಟಿಪ್ಪರುಗಳೆಲ್ಲ ಹೊರಟುಹೋಗುತ್ತವೆ. ಉಳಿಯುವುದು ಸ್ಟೋರು, ಅದನ್ನು ಕಾಯುವ ನಾನು, ಒಂದು ಹಳೆಯ ಕ್ರೇನು, ಅದರ ಡ್ರೈವರು. ಇಲ್ಲಿ ಫೋನು ಹಿಡಿಯುವುದಿಲ್ಲವೆಂದು ನಿನಗೆ ಗೊತ್ತು. ಕಾಗದದಲ್ಲೇ ಬೇಗ ತಿಳಿಸು.

ನಿನ್ನ ಭಾವ

*ಕಾರ್ಬನ್ ಪ್ರತಿಯ ಕೆಳಗೆ:*

ಸ್ಟೋರಿಗೆ ಸಾಮಾನು ಬರೆದು ತರಿಸುವ ಇಂಡೆಂಟ್ ಪುಸ್ತಕದಲ್ಲಿ ಇಪ್ಪತ್ತೆಂಟು ವರ್ಷ ಬರೆದ ಮೇಲೆ, ಪ್ರತಿ ಇಲ್ಲದೆ ಒಂದು ಸಾಲನ್ನೂ ಬರೆಯಲಾಗದವನಾಗಿದ್ದೇನೆ. ಮೇಲಿನ ಹಾಳೆ ಟಪಾಲಿಗೆ ಹೋಗುತ್ತದೆ. ಅದರಲ್ಲಿ ಬಿಟ್ಟದ್ದನ್ನು ಇಲ್ಲಿ ಬರೆದುಕೊಳ್ಳುತ್ತೇನೆ.

ಬಿಟ್ಟದ್ದು ಇದು. ಅವಳ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ. ಫೆಬ್ರವರಿಯಿಂದ ಪ್ರತಿ ಮಂಗಳವಾರ, ಶುಕ್ರವಾರ ಪೇಟೆಯ ಆಸ್ಪತ್ರೆಯಲ್ಲಿ ನಾಲ್ಕು ಗಂಟೆ ಡಯಾಲಿಸಿಸ್. ಒಂದು ಸಲ ತಪ್ಪಿದರೆ ಕಾಲು ಊದಿಕೊಳ್ಳುತ್ತದೆ, ಎರಡು ಸಲ ತಪ್ಪಿದರೆ ಉಸಿರು ಕಟ್ಟುತ್ತದೆ ಎಂದರು ಡಾಕ್ಟರು. ಮೂರು ಸಲ ತಪ್ಪಿದರೆ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಳ್ಳ ಏರುವ ಮೊದಲು ಗಾಡಿ ಎತ್ತರವಾಗಬೇಕು. ವಿಷಯ ಇಷ್ಟೇ.

ಗಾಲಿಗೆ ಹೇಳಕೂಡದೆಂದು ಅವಳು ಆಣೆ ಮಾಡಿಸಿಕೊಂಡಿದ್ದಾಳೆ. "ಅವನಿಗೆ ಗೊತ್ತಾದ್ರೆ ಅಂಗಡಿ ಬಾಗಿಲು ಹಾಕಿ ಓಡಿ ಬರ್ತಾನೆ. ನನ್ನನ್ನ ಮೂಟೆ ಕಟ್ಟಿ ಹೊತ್ಕೊಂಡು ಹೋಗ್ತಾನೆ. ತಮ್ಮನ ಮನೇಲಿ ಹೋಗಿ ಬೀಳೋಕೆ ನಾನು ತಯಾರಿಲ್ಲ ರೀ" ಅಂದಳು. ಅವನ ಅಂಗಡಿಯ ಎದುರಿಗೇ ದೊಡ್ಡ ಆಸ್ಪತ್ರೆಯಿದೆ. ಹೋಗು ಎಂದು ನಾನು ಒತ್ತಾಯ ಮಾಡಬೇಕಿತ್ತು. ಅವಳು ಒಲ್ಲೆ ಎಂದಾಗ ಒಳಗೊಳಗೇ ನೆಮ್ಮದಿಯಾಯಿತು. ಈ ಎರಡು ಕೋಣೆಯಲ್ಲಿ ಅವಳಿಲ್ಲದೆ ನಾನೊಬ್ಬನೇ ಏನು ಮಾಡಲಿ?

ಕಾಗದ ಮಡಿಸಿ ಲಕೋಟೆಯೊಳಗೆ ಇಟ್ಟುಕೊಟ್ಟೆ. ಅಂಟಿಸುವುದು ಯಾವಾಗಲೂ ಅವಳ ಕೆಲಸ. ನನ್ನ ಕೈಗೆ ಸದಾ ಗ್ರೀಸು ಮೆತ್ತಿರುತ್ತದೆ.


ಜೂನ್ 4

ಭಾವ,

ನಿಮ್ಮ ಕಾಗದ ಬಂದ ತಕ್ಷಣ ಅಂಗಡಿಯಲ್ಲಿ ಎಲ್ಲರಿಗೂ ಸಾರಿದೆ. ನಮ್ಮ ಭಾವನಿಗೆ ಐವತ್ತಾರಕ್ಕೆ ಹದಿನೆಂಟು ತುಂಬಿದೆ, ಗಾಡಿಗೆ ದೊಡ್ಡ ಟೈರು ಬೇಕಂತೆ ಎಂದು. ಇನ್ನು ಮುಂದಿನ ಕಾಗದದಲ್ಲಿ ಕಪ್ಪು ಕನ್ನಡಕ ಕೇಳುತ್ತೀರಿ. ಅಕ್ಕನಿಗೆ ಹುಷಾರಾಗಿರಲು ಹೇಳಿ.

ತಮಾಷೆ ಬಿಡಿ. ಟೈರು ದೊಡ್ಡದು ಮಾಡುವುದೆಂದರೆ ಚಪ್ಪಲಿ ಬದಲಾಯಿಸಿದ ಹಾಗಲ್ಲ. ನಿಮ್ಮ ಗಾಡಿಯ ಟೈರು ನಿಲ್ಲಿಸಿದರೆ ಇಪ್ಪತ್ತೆಂಟು ಇಂಚು ಎತ್ತರವಿದೆ. ಮೂವತ್ತು ಸುಲಭವಾಗಿ ಕೂರಬಹುದು. ಮೂವತ್ತೊಂದು ಹಾಕಿದರೆ ಸ್ಟೇರಿಂಗ್ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ. ಜನ ತಿಳಿಯುವುದೇನೆಂದರೆ, ಟೈರು ಎರಡಿಂಚು ಎತ್ತರವಾದರೆ ಗಾಡಿಯೂ ಎರಡಿಂಚು ಏಳುತ್ತದೆ ಎಂದು. ಇಲ್ಲ. ಏಳುವುದು ಒಂದೇ ಇಂಚು, ಇನ್ನೊಂದು ಆಕ್ಸಲ್ಲಿನ ಮೇಲುಗಡೆಗೆ ಹೋಗುತ್ತದೆ. ಆ ಒಂದಿಂಚಿಗಾಗಿ ಬ್ರೇಕು ಸ್ವಲ್ಪ ತಡವಾಗಿ ಹಿಡಿಯುತ್ತದೆ, ಎಂಜಿನ್ನಿನ ಎಳೆತ ಕಡಿಮೆಯಾಗುತ್ತದೆ, ಏರು ಹತ್ತುವಾಗ ಗಾಡಿ ಗೊಣಗುತ್ತದೆ. ಯೋಚಿಸಿ.

ಬೇಕೇ ಬೇಕೆಂದರೆ ಮೊದಲು ಅಳತೆ ಕಳಿಸಿ. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ, ಆ ಕಡೆಯ ಮುಂದಿನ ಚಕ್ರವನ್ನು ಒಂದು ಕಲ್ಲಿನ ಮೇಲೆ ಹತ್ತಿಸಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಹಿಂದೆ, ಮುಂದೆ, ಮೇಲೆ ಎಷ್ಟೆಷ್ಟು ಜಾಗವಿದೆ ಎಂದು ಬರೆಯಿರಿ. ಬಲಕ್ಕೂ ಹಾಗೇ. ಅಳತೆ ಬರದೆ ಟೈರು ಕಳಿಸುವವನು ವ್ಯಾಪಾರಿ, ಭಾಮೈದನಲ್ಲ. ಅವಸರವೇನೂ ಇಲ್ಲವಲ್ಲ?

ಅಕ್ಕನಿಗೆ ನನ್ನ ನಮಸ್ಕಾರ ಹೇಳಿ.

ಗಾಲಿ


ಜೂನ್ 9

ಪ್ರೀತಿಯ ಗಾಲಿಗೆ,

ನೀನು ಹೇಳಿದ ಹಾಗೆ ಅಳೆದೆ. ಪೂರ್ತಿ ಎಡಕ್ಕೆ ತಿರುಗಿಸಿದಾಗ ಹಿಂದುಗಡೆ ಮೂರು ಬೆರಳು ಹಿಡಿಯುತ್ತದೆ, ಮುಂದೆ ನಾಲ್ಕು. ಮೇಲೆ ಅಂಗೈ ಅಡ್ಡಲಾಗಿ ಹೋಗುತ್ತದೆ. ಬಲಕ್ಕೆ ತಿರುಗಿಸಿದರೆ ಹಿಂದೆ ಎರಡೂವರೆ ಬೆರಳು. ನಿನ್ನ ಅಕ್ಕ ಸ್ಟೇರಿಂಗ್ ತಿರುಗಿಸಿದಳು, ನಾನು ಕೆಳಗೆ ಕುಳಿತು ನೋಡಿದೆ.

ನೀನು ಹೇಳಿದ ಕಷ್ಟಗಳೆಲ್ಲ ಇರಲಿ. ನಾನು ವೇಗವಾಗಿ ಓಡಿಸುವವನಲ್ಲ. ಮೂವತ್ತೋ ಮೂವತ್ತೊಂದೋ, ಯಾವುದು ಹಿಡಿಸುತ್ತದೋ ಅದನ್ನು ಕಳಿಸು. ಸ್ವಲ್ಪ ಅವಸರವೇ ಇದೆ ಎಂದು ತಿಳಿ. ಮೊನ್ನೆಯಿಂದ ಮೇಲಿನ ಗುಡ್ಡದ ಕಡೆ ಮೋಡ ಕಟ್ಟಿದೆ.

ನಿನ್ನ ಭಾವ

*ಪ್ರತಿಯ ಕೆಳಗೆ:*

ಸ್ಟೇರಿಂಗ್ ತಿರುಗಿಸಿದ್ದು ಕ್ರೇನ್ ಡ್ರೈವರು. ಅವಳ ಎಡಗೈಯಲ್ಲಿ ಸೂಜಿ ಚುಚ್ಚುವ ಜಾಗ ಹಗ್ಗದ ಗಂಟಿನ ಹಾಗೆ ಉಬ್ಬಿದೆ. ಆ ಕೈಗೆ ಭಾರ ಬೀಳಬಾರದು. ಅವಳು ಖಾಲಿ ಡ್ರಮ್ಮಿನ ಮೇಲೆ ಕುಳಿತು ನಮ್ಮಿಬ್ಬರನ್ನೂ ಆಡಿಸುತ್ತಿದ್ದಳು.

"ಗಾಡಿಗೆ ಮದುವೆ ಬಟ್ಟೆ ಹೊಲಿಸ್ತಿದ್ದೀರೇನ್ರಿ, ಇಷ್ಟೊಂದು ಅಳತೆ?"

"ನಿಮ್ಮ ತಮ್ಮ ಕೇಳಿದಾನಲ್ಲಮ್ಮ, ದರ್ಜಿ ಆಗ್ಬೇಕಿತ್ತು ಅವನು" ಅಂದ ಡ್ರೈವರು.

ಅವಳು ತುಂಬ ನಕ್ಕಳು. ನಕ್ಕು ಸುಸ್ತಾಗಿ ಗೋಡೆಗೆ ಒರಗಿದಳು. ಅಳೆದದ್ದನ್ನು ಮತ್ತೆ ಮತ್ತೆ ಕೇಳಿದಳು. ಗಾಡಿಯ ಮೇಲೆ ಅವಳಿಗೆ ಆಸಕ್ತಿ ಬಂದಿದೆ ಎಂದು ನನಗೆ ಖುಷಿಯಾಯಿತು.


ಜೂನ್ 15

ಭಾವ,

ನಿಮ್ಮ ಬೆರಳು ಯಾವ ಕಂಪನಿಯದು? ನಮ್ಮಲ್ಲಿ ಆ ಅಳತೆಯ ಟೈರು ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಸ್ಟೋರು ನೋಡಿಕೊಂಡವರು ಬೆರಳಿನಲ್ಲಿ ಅಳೆದು ಕಳಿಸಿದರೆ ನಾನು ಏನೆನ್ನಲಿ. ಟೇಪಿನಲ್ಲಿ ಅಳೆಯಿರಿ.

ಇನ್ನೊಂದು ಮಾತು. ಖಾಲಿ ಗಾಡಿಯಲ್ಲಿ ಅಳೆದದ್ದು ಲೆಕ್ಕಕ್ಕಿಲ್ಲ. ಹಿಂದೆ ನಾಲ್ಕೈದು ಮೂಟೆ ಭಾರ ಹಾಕಿ, ಸ್ಪ್ರಿಂಗು ಕುಗ್ಗಿದ ಮೇಲೆ ಅಳೆಯಿರಿ. ಸ್ಟೆಪ್ನಿ ಎಲ್ಲಿ ನೇತುಹಾಕಿದೆ, ಅಲ್ಲಿ ದೊಡ್ಡದು ಹಿಡಿಸುತ್ತದೆಯೇ ಎಂದೂ ನೋಡಿ. ನಾಲ್ಕು ಟೈರು ದೊಡ್ಡದಾಗಿ ಸ್ಟೆಪ್ನಿ ಚಿಕ್ಕದಾದರೆ ಪಂಕ್ಚರಾದ ದಿನ ಗಾಡಿ ಕುಂಟುತ್ತದೆ.

ಅಕ್ಕ ಹೇಗಿದ್ದಾಳೆ? ಊಟ ಸರಿಯಾಗಿ ಮಾಡುತ್ತಾಳೆಯೇ? ನಿದ್ದೆ ಬರುತ್ತದೆಯೇ? ನೀವು ಅಳತೆ ಮಾಡುವಾಗ ಅವಳು ಹತ್ತಿರ ಇರುತ್ತಾಳಾ? ಏನನ್ನುತ್ತಾಳೆ? ಅವಳ ವಿಷಯ ಒಂದು ಸಾಲಿಗಿಂತ ಜಾಸ್ತಿ ಬರೆಯಿರಿ ಭಾವ. ಟೈರಿನದು ಕಡಿಮೆ ಬರೆದರೂ ಪರವಾಗಿಲ್ಲ.

ಗಾಲಿ


ಜೂನ್ 20

ಗಾಲಿಗೆ,

ಟೇಪು ಹಿಡಿದೆ. ಹಿಂದೆ ಆರು ಸಿಮೆಂಟ್ ಮೂಟೆ ಹಾಕಿ ಅಳೆದೆ. ಎಡಕ್ಕೆ, ಹಿಂದುಗಡೆ ಒಂದೂಮುಕ್ಕಾಲು ಇಂಚು, ಮುಂದೆ ಎರಡೂಕಾಲು, ಮೇಲೆ ಮೂರೂವರೆ. ಬಲಕ್ಕೆ, ಹಿಂದೆ ಒಂದೂವರೆ. ಸ್ಟೆಪ್ನಿ ಹೊಟ್ಟೆಯ ಕೆಳಗಿದೆ. ಅಲ್ಲಿ ಹಿಡಿಸದಿದ್ದರೆ ಹಿಂದೆ ಲೋಡಿನ ಜಾಗದಲ್ಲಿ ಹಾಕಿಕೊಳ್ಳುತ್ತೇನೆ.

ಇನ್ನು ಏನನ್ನೂ ಕೇಳಬೇಡ. ನಾನು ಶೋಕಿಗೆ ಕೇಳುತ್ತಿಲ್ಲ. ನಿನಗೆ ನಗೆಯಾಟವಾಗಿರಬಹುದು. ಹಳ್ಳ ಏರಿದೆ. ಮಂಗಳವಾರ ದಡಕ್ಕೆ ಹೋಗಿ ವಾಪಸ್ ಬಂದೆವು, ಇವತ್ತೂ ಹಾಗೇ ಆಯಿತು. ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯುತ್ತದೆ, ಆದರೆ ಕಲ್ಲು ಇಳಿಯುವುದಿಲ್ಲ. ಯಾವ ಸೈಜೋ ನೀನೇ ನಿರ್ಧಾರ ಮಾಡಿ, ಈ ಕಾಗದ ಕೈಗೆ ಬಂದ ದಿನವೇ ಲಾರಿಗೆ ಹಾಕು.

ಭಾವ

*ಪ್ರತಿಯ ಕೆಳಗೆ:*

ಎರಡು ಸಲ ತಪ್ಪಿತು. "ನಿನ್ನ ಅಕ್ಕನಿಗೆ ಹುಷಾರಿಲ್ಲ" ಎಂದು ಒಂದು ಹಾಳೆಯಲ್ಲಿ ಬರೆದಿದ್ದೆ. ಅವಳು ಗೋಂದಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಏನದು ಬರೀತಿರೋದು? ಓದಿ ಹೇಳಿ."

ಹಾಳೆ ಹರಿದು ಬೇರೆ ಬರೆದೆ. ಅವಳ ಮುಖ ಬೆಳಿಗ್ಗೆ ಊದಿಕೊಂಡಿರುತ್ತದೆ, ಮಲಗಿದರೆ ಕೆಮ್ಮು. ಎರಡು ದಿಂಬು ಇಟ್ಟು ಕೂರಿಸುತ್ತೇನೆ. ದಡದಿಂದ ವಾಪಸ್ ಬಂದ ದಿನ ನನಗಿಂತ ಅವಳೇ ಸಮಾಧಾನವಾಗಿದ್ದಳು. "ಹೋಗ್ಲಿ ಬಿಡಿ, ಒಂದಿನ ಸೂಜಿ ತಪ್ಪಿತು" ಅಂದಳು. ನನಗೆ ಧೈರ್ಯ ಹೇಳಲು ಹಾಗೆ ಅನ್ನುತ್ತಾಳೆ ಅಂದುಕೊಂಡೆ.

ಮಂಗಳವಾರ 24: ನೀರು ಇಳಿದಿತ್ತು. ಎರಡು ಕಡೆ ಹೊಟ್ಟೆ ಉಜ್ಜಿಸಿಕೊಂಡು ದಾಟಿದೆವು. ಡಯಾಲಿಸಿಸ್ ಆಯಿತು. ಶುಕ್ರವಾರ 27: ಆಗಲಿಲ್ಲ. ಮಂಗಳವಾರ, ಜುಲೈ 1: ಅದೂ ಆಗಲಿಲ್ಲ.


ಜೂನ್ 27

ಭಾವ,

ಅಳತೆ ಸಾಕು. ಇನ್ನೇನೂ ಅಳೆಯಬೇಡಿ.

ಮೂವತ್ತರದು ಐದು ಟೈರು ಕಳಿಸುತ್ತಿದ್ದೇನೆ, ಸ್ಟೆಪ್ನಿಯೂ ಸೇರಿ. ರಿಮ್ಮಿಗೆ ಹಾಕಿ ಗಾಳಿ ತುಂಬಿಯೇ ಕಳಿಸಿದ್ದೇನೆ. ನೀವು ಬರೀ ನಟ್ಟು ಬಿಚ್ಚಿ ಏರಿಸಿದರೆ ಆಯಿತು. ಮೂವತ್ತೊಂದು ಕಳಿಸಿದರೆ ಮಡ್‌ಗಾರ್ಡಿನ ಅಂಚು ಕತ್ತರಿಸಬೇಕು, ಅದು ಒಂದು ದಿನದ ಕೆಲಸ. ಈಗ ನಿಮ್ಮ ಹತ್ತಿರ ಒಂದು ದಿನ ಇಲ್ಲ. ನಟ್ಟುಗಳನ್ನು ಎದುರುಬದುರಾಗಿ ಬಿಗಿಯಿರಿ, ಐವತ್ತು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ವೇಗದ ಮುಳ್ಳು ಅರವತ್ತು ತೋರಿಸಿದಾಗ ಗಾಡಿ ಅರವತ್ನಾಲ್ಕರಲ್ಲಿ ಇರುತ್ತದೆ. ನೆನಪಿರಲಿ.

ನಾಳೆ ಶನಿವಾರದ ಲಾರಿ. ಬುಧವಾರವೋ ಗುರುವಾರವೋ ಹಳ್ಳದ ಹತ್ತಿರ ಬರುತ್ತದೆ.

ಅಕ್ಕ ಬೈದರೆ, ಕೇಳದೆ ನಾನೇ ಕಳಿಸಿದೆ ಎನ್ನಿ. ಮನಸ್ಸು ತಡೆಯಲಿಲ್ಲ ಎನ್ನಿ.

ಗಾಲಿ

*ಈ ಕಾಗದದ ಅಂಚಿನಲ್ಲಿ, ಭಾವನ ಕೈಬರಹ:* ನನಗೆ ತಲುಪಿದ್ದು ಜುಲೈ 7.


ಜುಲೈ 5

ಗಾಲಿಗೆ,

ನಿನ್ನ ಅಕ್ಕ ನಿನ್ನೆ ಶುಕ್ರವಾರ ಹೋದಳು.

ಕಿಡ್ನಿಯ ಕಾಯಿಲೆಯಿತ್ತು. ಫೆಬ್ರವರಿಯಿಂದ. ನಿನಗೆ ಹೇಳಬಾರದೆಂದು ಅವಳ ಆಣೆಯಿತ್ತು, ಅದಕ್ಕೇ ಬರೆಯಲಿಲ್ಲ. ಹಳ್ಳ ತುಂಬಿ ಹರಿಯುತ್ತಿದೆ, ನೀನು ಹೊರಟರೂ ಈಚೆ ಬರಲಾರೆ. ಕಾಯುವಂತಿರಲಿಲ್ಲ. ಗಣಿಯ ಮೇಲುಗಡೆ, ನೀರು ಬಾರದ ಕಡೆ ಮಣ್ಣು ಮಾಡಿದೆವು. ಕ್ರೇನ್ ಡ್ರೈವರು ಜೊತೆಗಿದ್ದ.

ನೀರು ಇಳಿದು ಟಪಾಲಿನವನು ಬಂದ ದಿನ ಇದನ್ನು ಕೊಡುತ್ತೇನೆ. ಲಕೋಟೆ ನಾನೇ ಅಂಟಿಸಿದ್ದೇನೆ, ಮೇಲೆಲ್ಲ ಗ್ರೀಸಾಗಿದೆ.

ಭಾವ

*ಪ್ರತಿಯ ಕೆಳಗೆ ಏನೂ ಬರೆದಿಲ್ಲ.*


ಜುಲೈ 14

ಭಾವ,

ಕಾಗದ ನಿನ್ನೆ ಬಂತು. ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಿಮಗೆ ಒಂದು ವಿಷಯ ಹೇಳದೆ ಇದ್ದರೆ ನಾನು ಮನುಷ್ಯನಲ್ಲ. ಹೇಳಿದ ಮೇಲೆ ನೀವು ನನ್ನ ಮುಖ ನೋಡದಿದ್ದರೂ ಸರಿ.

ನನಗೆ ಎಲ್ಲ ಗೊತ್ತಿತ್ತು. ಮೊದಲನೆಯ ದಿನದಿಂದ ಗೊತ್ತಿತ್ತು. ನಿಮ್ಮ ಮೇ ತಿಂಗಳ ಕಾಗದದ ಲಕೋಟೆಯಲ್ಲಿ ಒಂದು ಸಣ್ಣ ಚೀಟಿಯೂ ಇತ್ತು. ನೀವು ಅಂಟಿಸಲು ಕೊಟ್ಟಾಗ ಅಕ್ಕ ಒಳಗೆ ಸೇರಿಸಿದ್ದಾಳೆ. ಅದರಲ್ಲಿ ಇದ್ದದ್ದನ್ನು ಒಂದಕ್ಷರ ಬಿಡದೆ ಇಲ್ಲಿ ಬರೆಯುತ್ತೇನೆ:

"ಗಾಲಿ, ಭಾವ ಟೈರು ಕೇಳಿದ್ದಾರೆ. ಕಳಿಸಬೇಡ. ಇಲ್ಲ ಅಂತಲೂ ಅನ್ನಬೇಡ, ಇಲ್ಲ ಅಂದರೆ ಬೇರೆ ಕಡೆಯಿಂದ ತರಿಸ್ತಾರೆ. ಅದು ಇದು ಅಳತೆ ಕೇಳ್ತಾ ದಿನ ತಳ್ಳು. ನನ್ನ ಕಿಡ್ನಿ ಹೋಗಿದೆ. ವಾರಕ್ಕೆ ಎರಡು ಸಲ ಆ ಮಂಚದ ಮೇಲೆ ಮಲಗಿ ಮಲಗಿ ಸಾಕಾಗಿದೆ ಕಣೋ. ಅವರ ಮುಖ ನೋಡಿ ಸಾಕು ಅನ್ನೋಕೆ ಬಾಯಿ ಬರಲ್ಲ. ಹಳ್ಳ ತುಂಬಿದರೆ ನಾನು ಹೇಳಬೇಕಾಗಿಲ್ಲ, ಅದೇ ಹೇಳುತ್ತೆ. ನೀನು ಬರಬೇಡ. ನಿನ್ನನ್ನ ನೋಡಿದರೆ ಮನಸ್ಸು ಬದಲಾಗುತ್ತೆ. ಇಷ್ಟು ಮಾಡು. ಅಕ್ಕ."

ನಾನು ಅಷ್ಟು ಮಾಡಿದೆ ಭಾವ. ಬೆರಳಿನ ಅಳತೆ ಬೇಡ ಎಂದದ್ದು, ಭಾರ ಹಾಕಿ ಅಳೆಯಿರಿ ಎಂದದ್ದು, ಎಲ್ಲ ಅದಕ್ಕೇ. ನಿಮ್ಮ ಗಾಡಿಗೆ ಮೂವತ್ತು ಕೂರುತ್ತದೆಂದು ನನಗೆ ಕಣ್ಣು ಮುಚ್ಚಿ ಗೊತ್ತಿತ್ತು. ಆ ಐದು ಟೈರು ಮೇ ತಿಂಗಳಿನಿಂದಲೂ ನನ್ನ ಅಂಗಡಿಯಲ್ಲೇ ಇದ್ದವು. ನೀವು ಶೋಕಿಗೆ ಕೇಳುತ್ತಿಲ್ಲ ಎಂದು ಬರೆದದ್ದನ್ನು ಓದಿದ ಮೇಲೆ ತಡೆಯಲಾಗದೆ ಕಳಿಸಿದೆ. ಅಕ್ಕನ ಮಾತನ್ನೂ ಪೂರ್ತಿ ನಡೆಸಲಿಲ್ಲ, ನಿಮ್ಮದನ್ನೂ ನಡೆಸಲಿಲ್ಲ.

ಬೈಯಬೇಕೆಂದರೆ ಬೈಯಿರಿ. ಆದರೆ ಬರೆಯಿರಿ.

ಗಾಲಿ


ಜುಲೈ 18

*(ಮೇಲಿನ ಹಾಳೆ, ಕೆಳಗಿನ ಪ್ರತಿ ಎರಡೂ ಪುಸ್ತಕದಲ್ಲೇ ಇವೆ. ಕಳಿಸಿಲ್ಲ.)*

ಗಾಲಿ,

ಮೂರು ವಾರ. ಮೊದಲನೇ ಕಾಗದದಿಂದ ಮೂರು ವಾರಕ್ಕೂ ಹೆಚ್ಚು ನಾನು ಗಾಡಿಯ ಕೆಳಗೆ ಮಲಗಿ ಇಂಚು ಅರ್ಧ ಇಂಚು ಎಂದು ಎಣಿಸುತ್ತಿದ್ದೆ. ನೀವಿಬ್ಬರೂ ಸೇರಿ ನನ್ನನ್ನು ಆಡಿಸಿದಿರಿ. ಅವಳು ಡ್ರಮ್ಮಿನ ಮೇಲೆ ಕುಳಿತು ನಕ್ಕಳಲ್ಲ, ಯಾಕೆ ನಕ್ಕಳೆಂದು ಈಗ ತಿಳಿಯಿತು. ಅವಳನ್ನು ಬೈಯಲು ಅವಳಿಲ್ಲ. ನೀನಿದ್ದೀಯ.

ಈಗ ನೀನು ತಿಳಿದುಕೋ. ಅವಳ ಚೀಟಿ ಮೇ ತಿಂಗಳಿನದು. ಮನುಷ್ಯರು ಮೇ ತಿಂಗಳಿನಲ್ಲಿ ಅಂದದ್ದನ್ನು ಜುಲೈಯಲ್ಲೂ ಅನ್ನುತ್ತಾರೆಯೇ?

ಆ ಶುಕ್ರವಾರ ಬೆಳಿಗ್ಗೆ ಅವಳಿಗೆ ಉಸಿರು ಸಿಗಲಿಲ್ಲ. ನೀರಿನಿಂದ ಮೇಲೆ ತೆಗೆದ ಮೀನಿನ ಹಾಗೆ ಬಾಯಿ ತೆರೆಯುತ್ತಿದ್ದಳು. ನನ್ನ ಅಂಗಿ ಹಿಡಿದುಕೊಂಡು, "ಕರ್ಕೊಂಡು ಹೋಗಿ ರೀ. ನನಗೆ ಬದುಕಬೇಕು. ನಾನು ಏನೇನೋ ಅಂದ್ಕೊಂಡಿದ್ದೆ, ಅದೆಲ್ಲ ಸುಳ್ಳು. ಬದುಕಬೇಕು ನನಗೆ" ಅಂದಳು. ಏನು ಅಂದುಕೊಂಡಿದ್ದೆ ಎಂದು ಕೇಳುವ ಹೊತ್ತಲ್ಲ ಅದು. ಈಗ ನಿನ್ನ ಕಾಗದ ಓದಿ ತಿಳಿಯಿತು.

ನೀರು ಬಾಗಿಲಿನ ಅರ್ಧಕ್ಕೆ ಬರುವಷ್ಟಿತ್ತು. ಇಳಿಯುತ್ತಿತ್ತು. ಕಾಯದೆ ಇಳಿಸಿದೆ. ಹಳ್ಳದ ನಡುವೆ, ಹಿಂದಿನ ಆಕ್ಸಲ್ಲಿನ ಮಧ್ಯದಲ್ಲಿ ಉಬ್ಬಿರುವ ಗುಂಡು ಒಂದು ಕಲ್ಲಿನ ಮೇಲೆ ಕೂತುಬಿಟ್ಟಿತು. ಹಿಂದಿನ ಚಕ್ರ ಎರಡೂ ಸುಮ್ಮನೆ ತಿರುಗಿದವು. ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಹಾರನ್ ಹೊಡೆದೆ, ಹೊಡೆಯುತ್ತಲೇ ಇದ್ದೆ. ಕ್ರೇನ್ ಡ್ರೈವರು ಓಡಿ ಬಂದ, ನೋಡಿದ, ಕ್ರೇನು ತರಲು ವಾಪಸ್ ಓಡಿದ. ಆ ಕ್ರೇನು ಮನುಷ್ಯ ನಡೆಯುವುದಕ್ಕಿಂತ ನಿಧಾನ. ಒಂದೂವರೆ ಗಂಟೆಯಾಯಿತು.

ಆಚೆ ದಡದ ಶೆಡ್ಡಿನಲ್ಲಿ, ತಾಡಪಾಲಿನ ಕೆಳಗೆ ಏನೋ ಕಪ್ಪಗೆ ಕಾಣುತ್ತಿತ್ತು. "ಅಲ್ಯಾರೋ ಕೂತಿದಾರೆ ನೋಡಿ, ಕೂಗಿ" ಅಂದಳು. ನಾನು ಕೂಗಿದೆ. ಯಾರೂ ಏಳಲಿಲ್ಲ. ಅದು ಟೈರು, ಗಾಲಿ. ನೀನು ಕಳಿಸಿದ ಐದು ಟೈರು. ಹಿಂದಿನ ದಿನ ಲಾರಿಯವನು ಹಳ್ಳ ದಾಟಲಾಗದೆ ಅಲ್ಲೇ ಇಳಿಸಿ ಹೋಗಿದ್ದಾನೆ. ನೂರು ಅಡಿ ದೂರ. ಅವುಗಳನ್ನು ಮನುಷ್ಯರೆಂದುಕೊಂಡು ನಾನು ಕೈ ಬೀಸಿ ಬೀಸಿ ಕರೆದೆ.

ಕ್ರೇನು ಬಂದು ನಮ್ಮನ್ನು ಈಚೆ ದಡಕ್ಕೇ ಎಳೆಯಿತು. ಆಗ ಅವಳು ಇರಲಿಲ್ಲ.

ನೀರು ಇಳಿದ ಮೇಲೆ ಹೋಗಿ ಆ ಕಲ್ಲು ನೋಡಿದೆ. ಆಕ್ಸಲ್ಲಿನ ಮೇಲಿರುವ ಗೀರನ್ನೂ ನೋಡಿದೆ. ಟೇಪು ಹಿಡಿದೇ ಅಳೆದೆ, ಬೆರಳಿನಲ್ಲಲ್ಲ. ಗಾಡಿ ಸಿಕ್ಕಿಕೊಂಡದ್ದು ಅರ್ಧ ಇಂಚಿಗೆ. ನಿನ್ನ ಮೂವತ್ತರ ಟೈರು ಇದ್ದಿದ್ದರೆ ಗಾಡಿ ಒಂದಿಂಚು ಎದ್ದಿರುತ್ತಿತ್ತು. ನೀನೇ ಲೆಕ್ಕ ಹಾಕು. ಲೆಕ್ಕ ಹಾಕಿ, ಬದುಕಿರುವಷ್ಟು ದಿನ ಅದನ್ನು ಇಟ್ಟುಕೋ.


ಜುಲೈ 28

ಭಾವಯ್ಯನವರಿಗೆ, ಗಾಲಿಯ ಹೆಂಡತಿ ಬರೆಯುವುದು.

ಇವರು ಬರೆದ ಕಾಗದ ನಿಮಗೆ ತಲುಪಿತೋ ಇಲ್ಲವೋ ತಿಳಿಯದು. ಎರಡು ವಾರದಿಂದ ಟಪಾಲಿನವನ ಸೈಕಲ್ ಸದ್ದಾದರೆ ಎದ್ದು ಹೋಗಿ ನಿಲ್ಲುತ್ತಾರೆ. ನಾನು ಹೀಗೆ ಬರೆಯುವುದು ಅವರಿಗೆ ಗೊತ್ತಿಲ್ಲ.

ಅಂಗಡಿ ತೆರೆಯುತ್ತಾರೆ, ಕೆಲಸ ಮಾಡುವುದಿಲ್ಲ. ಮೊನ್ನೆ ಯಾರೋ ಬಂದು ದೊಡ್ಡ ಟೈರು ಕೇಳಿದರೆ ಟೇಪು ಕೈಯಲ್ಲಿ ಹಿಡಿದು ನಿಂತೇಬಿಟ್ಟರು, ಗಿರಾಕಿ ಹೆದರಿ ಹೊರಟುಹೋದ. ನಿನ್ನೆ ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಜಾಕಿನ ಮೇಲೆ ನಿಂತಿದ್ದ ಗಾಡಿಯ ಕೆಳಗೆ ಮಲಗಿದ್ದರು. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಇಲ್ಲ, ಏನೂ ಇಲ್ಲ. ಒಂದು ಕಾಲು ಜಾಕಿನ ಹಿಡಿಗೆ ತಾಗಿಸಿಕೊಂಡಿದ್ದರು. ಏನು ಮಾಡ್ತಿದ್ದೀರಿ ಅಂದೆ. "ನೋಡ್ತಾ ಇದ್ದೆ" ಅಂದರು. ನಾನು ಭುಜ ಹಿಡಿದು ಎಳೆದು ಹೊರಗೆ ತಂದೆ. ನಿನ್ನೆಯಿಂದಲೇ ಜಾಕನ್ನು ಮನೆಯೊಳಗೆ ಬೀಗ ಹಾಕಿ ಇಟ್ಟಿದ್ದೇನೆ. ಟೈರಿನ ಅಂಗಡಿಯಲ್ಲಿ ಎಷ್ಟು ಜಾಕಿಗೆ ಬೀಗ ಹಾಕಲಿ?

ಕೇಳಿದರೆ ಒಂದೇ ಮಾತು. "ಅಕ್ಕ ಹೇಳಿದಂಗೆ ಮಾಡಿದೆ ಅಲ್ವೇನೇ? ಅವಳು ಬಯಸಿದಂಗೇ ಹೋದಳಲ್ವಾ?" ನಾನು ಹೌದು ಅಂದರೆ ನಂಬುವುದಿಲ್ಲ. ನೀವು ಅಲ್ಲಿ ಇದ್ದವರು. ನೀವು ಹೇಳಿದರೆ ನಂಬುತ್ತಾರೆ. ಅತ್ತಿಗೆ ಹೇಗೆ ಹೋದರು, ಕೊನೆಗೆ ಏನಂದರು, ಬರೆಯಿರಿ. ನಿಮ್ಮ ಸಂಕಟ ನನಗೆ ಗೊತ್ತಿಲ್ಲವೆಂದಲ್ಲ. ಒಬ್ಬರು ಹೋದದ್ದು ಸಾಕು ಭಾವಯ್ಯ.


ಆಗಸ್ಟ್ 2

ಪ್ರೀತಿಯ ಗಾಲಿಗೆ,

ನಿನ್ನ ಕಾಗದ ಬಂದಿತ್ತು. ಬರೆಯಲು ತಡವಾದದ್ದಕ್ಕೆ ಕೋಪ ಕಾರಣವಲ್ಲ. ನೀರು ಇಳಿಯಲಿಲ್ಲ, ಟಪಾಲಿನವನು ಬರಲಿಲ್ಲ.

ನಿನ್ನ ಅಕ್ಕ ಮನೆಯಲ್ಲೇ ಹೋದಳು. ಅವಳ ಹಾಸಿಗೆಯಲ್ಲೇ. ಬೆಳಿಗ್ಗೆ ಆಸ್ಪತ್ರೆಗೆ ಹೊರಡೋಣವೇ ಎಂದು ಕೇಳಿದೆ. ಬೇಡ ಅಂದಳು. "ಸಾಕು ರೀ, ಇಲ್ಲೇ ಕೂತ್ಕೊಳ್ಳಿ" ಅಂದಳು. ಕೂತೆ. ಕಿಟಕಿ ತೆಗೆಸಿದಳು. ನಿನ್ನ ವಿಷಯ ಬಂತು. ಚಿಕ್ಕವನಿದ್ದಾಗ ನೀನು ಸೈಕಲ್ ಗಾಲಿ ಉರುಳಿಸಿಕೊಂಡು ಓಡಿ ಚರಂಡಿಗೆ ಬಿದ್ದದ್ದನ್ನು ಹೇಳಿ ನಕ್ಕಳು. ಸಂಕಟವೇನೂ ಪಡಲಿಲ್ಲ. ನಿದ್ದೆ ಹೋದ ಹಾಗೆ ಹೋದಳು. ಗಾಡಿಯನ್ನು ನಾನು ಅವತ್ತು ಮುಟ್ಟಲೇ ಇಲ್ಲ. ಮುಟ್ಟಿದ್ದರೂ ಪ್ರಯೋಜನವಿರಲಿಲ್ಲ, ನೀರು ಬಾನೆಟ್ಟಿನ ಮೇಲಿತ್ತು. ಅದಕ್ಕೆ ಯಾವ ಟೈರೂ ಸಾಲದು. ನೀನು ಟೈರಿನವನು, ನಿನಗೇ ಗೊತ್ತಾಗುತ್ತದೆ.

ಅವಳಿಗೆ ಏನು ಬೇಕಿತ್ತು ಎಂದು ನನಗೆ ತಿಳಿದಿರಲಿಲ್ಲ, ನಿನಗೆ ತಿಳಿದಿತ್ತು. ನೀನು ಅವಳ ಮಾತು ನಡೆಸಿದೆ. ಅದಕ್ಕಾಗಿ ನಾನು ನಿನ್ನನ್ನು ಬೈಯುವುದಿಲ್ಲ.

ಟೈರು ಐದೂ ಸ್ಟೋರಿನಲ್ಲಿವೆ. ಇಲ್ಲಿ ಇನ್ನು ಯಾರಿಗೂ ಹಳ್ಳ ದಾಟುವ ಅವಸರವಿಲ್ಲ. ನೀರು ಇಳಿದ ಮೇಲೆ ನೀವಿಬ್ಬರೂ ಬನ್ನಿ. ಅವಳ ಮಣ್ಣು ನೋಡಿಕೊಂಡು, ಟೈರು ತೆಗೆದುಕೊಂಡು ಹೋಗಿ ಬೇರೆ ಯಾರಿಗಾದರೂ ಹಾಕು. ಕೆಲಸ ಬಿಡಬೇಡ.

ನಿನ್ನ ಭಾವ

*ಪ್ರತಿಯ ಕೆಳಗೆ:*

ಅವರು ಬರುವುದರೊಳಗೆ ಮಾಡಬೇಕಾದ್ದು ಬಹಳವಿದೆ. ಗಾಡಿಯ ಒಳಗೆಲ್ಲ ಕೆಸರು ಒಣಗಿ ಕೂತಿತ್ತು. ಬಾಗಿಲಿನ ಒಳಮೈಯಲ್ಲಿ ನೀರು ನಿಂತ ಗೆರೆಯಿತ್ತು. ಎರಡು ದಿನ ತೊಳೆದೆ. ಅವಳು ಕೂತಿದ್ದ ಸೀಟನ್ನು ಬಿಚ್ಚಿ ಬಿಸಿಲಿಗೆ ಇಟ್ಟೆ. ಆಕ್ಸಲ್ಲಿನ ಗೀರಿನ ಮೇಲೆ ಸ್ಟೋರಿನ ಕಪ್ಪು ಬಣ್ಣ ಬಳಿದೆ.

ಕ್ರೇನ್ ಡ್ರೈವರನನ್ನು ಕರೆದು ಹೇಳಿದೆ, "ಅವಳ ತಮ್ಮ ಬರ್ತಾನೆ. ಕೇಳಿದ್ರೆ ಮನೇಲೇ ಹೋದ್ರು ಅನ್ನು."

"ಯಜಮಾನ್ರೇ, ಎಳೆದವನು ನಾನು."

"ಗೊತ್ತು ಮಾರಾಯ. ಅದಕ್ಕೇ ನಿನ್ನ ಕೇಳ್ತಿರೋದು."

"ಆಯ್ತು ಬಿಡಿ. ಮನೇಲೇ ಹೋದ್ರು" ಅಂದ. ಆಮೇಲೆ ತಾನೇ ಇನ್ನೊಮ್ಮೆ ಅಂದು ನೋಡಿಕೊಂಡ, ಬಾಯಿಗೆ ಕೂರುತ್ತದೆಯೇ ಎಂದು.

ಉಳಿದದ್ದು ಈ ಪುಸ್ತಕ. ಗಾಲಿಯ ಕೈಗೆ ಸಿಕ್ಕರೆ ಇಷ್ಟೆಲ್ಲ ಮಾಡಿದ್ದು ನೀರುಪಾಲು. ಇವತ್ತು ಸಂಜೆ ಹಿತ್ತಲಲ್ಲಿ ಒಣ ಕಡ್ಡಿ ಹಾಕಿ ಬೆಂಕಿ ಮಾಡಿದೆ. ಮೊದಲ ಹಾಳೆಗಳನ್ನು ಕಿತ್ತು ಹಾಕಿದೆ, ಬೆರಳಿನ ಅಳತೆ, ಟೇಪಿನ ಅಳತೆ, ಎಲ್ಲ ಬೇಗ ಉರಿದವು. ಜುಲೈ ಹದಿನೆಂಟರ ಪ್ರತಿಯೂ ಹೋಯಿತು, ಅದರ ಮೇಲಿನ ಹಾಳೆ ಕೈಗೆ ಬಂದಾಗ ನಿಂತೆ. ಎಲ್ಲರಿಗೂ ಈಗ ಅವಳು ಸಾಕು ಅಂದವಳು. ಅವಳ ಚೀಟಿಯಲ್ಲಿ ಹಾಗಿದೆ, ನನ್ನ ಕಾಗದದಲ್ಲಿ ಹಾಗಿದೆ, ನಾಳೆಯಿಂದ ಡ್ರೈವರನ ಬಾಯಲ್ಲೂ ಹಾಗೇ ಇರುತ್ತದೆ. ಬದುಕಬೇಕು ಎಂದು ಅವಳು ಅಂದಿರುವುದು ಈ ಒಂದು ಹಾಳೆಯಲ್ಲಿ ಮಾತ್ರ.

ಮಡಿಸಿ ಅಂಗಿಯೊಳಗೆ ಇಟ್ಟುಕೊಂಡು ಬೆಂಕಿಗೆ ನೀರು ಹಾಕಿದೆ.